ರಾಣಿ ರೂಪಾಯಿಯ ಚುಕ್ಕಿ ಎಣಿಸಿದ್ದೀರಾ?

ಜೇಬಿಗೆ ಕೈ ಹಾಕಿ. ಒಂದು ನಾಣ್ಯ ತೆಗೆಯಿರಿ. ಒಂದು ರೂಪಾಯಿ, ಎರಡು, ಐದು, ಯಾವುದಾದರೂ ಸರಿ. ಇಸವಿಯ ಕೆಳಗೆ ಕಣ್ಣು ಹಾಯಿಸಿ. ಏನಾದರೂ ಕಂಡಿತೇ?

ಪುಟ್ಟ ವಜ್ರಾಕೃತಿ ಇದ್ದರೆ ಅದು ಮುಂಬಯಿಯಲ್ಲೇ ಹುಟ್ಟಿದ್ದು! ನಕ್ಷತ್ರವಿದ್ದರೆ ಹೈದರಾಬಾದು. ಚುಕ್ಕಿಯಿದ್ದರೆ ನೊಯ್ಡಾ. ಏನೂ ಇಲ್ಲವೇ? ಕೋಲ್ಕತ್ತಾ! ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹತ್ತಿ ಫೋರ್ಟಿಗೆ ಹೋಗುವ ಎಷ್ಟೋ ಮಂದಿ ರಿಸರ್ವ್ ಬ್ಯಾಂಕಿನ ಎದುರಿಗಿರುವ ಆ ಟಂಕಸಾಲೆಯ ಗೋಡೆಯ ಪಕ್ಕದಲ್ಲೇ ದಿನಾ ನಡೆಯುತ್ತಾರೆ. ಜೇಬಿನಲ್ಲಿ ಅದರದೇ ಗುರುತು!

ಇದು ಬರೀ ಪೀಠಿಕೆ. ಅಸಲು ಮಜಾ ಇರುವುದು ನಿಮ್ಮ ದೇವರ ಕೋಣೆಯಲ್ಲಿ!

ಥಾಣೆಯಿರಲಿ, ಕಲ್ಯಾಣವಿರಲಿ, ವಾಶಿಯಿರಲಿ, ಊರಿನಿಂದ ಬಂದ ನಮ್ಮವರ ಮನೆಗಳಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಅರಿಶಿನ ಕುಂಕುಮದ ಜೊತೆ ಒಂದು ಬೆಳ್ಳಿ ರೂಪಾಯಿ ಹೊರಬರುತ್ತದಲ್ಲ? ಅಜ್ಜಿ ಕೊಟ್ಟದ್ದು. ಕಿರೀಟ ತೊಟ್ಟ ವಿಕ್ಟೋರಿಯಾ ರಾಣಿ. ಹಿಂಬದಿಯಲ್ಲಿ ಹೂಬಳ್ಳಿಯ ಅಂಚು, ನಡುವೆ ಇಸವಿ: 1862.

ಹಾಗಾದರೆ ಹೇಳಿ, ಅದು ಅಚ್ಚಾದದ್ದು ಯಾವ ವರ್ಷ?

1862 ಅಂದಿರಾ? ದುಡುಕಬೇಡಿ!

ಭೂತಕನ್ನಡಿ ತನ್ನಿ. ಇಸವಿಯ ಆಸುಪಾಸು ನೋಡಿ. ಸಾಸಿವೆಗಿಂತ ಸಣ್ಣ ಚುಕ್ಕಿಗಳು! ಒಂದು ರೂಪಾಯಿಯಲ್ಲಿ ಎರಡು, ಇನ್ನೊಂದರಲ್ಲಿ ಐದು, ಮತ್ತೊಂದರಲ್ಲಿ ಅದಕ್ಕೂ ಹೆಚ್ಚು. ಏಕೆ ಗೊತ್ತೇ? 1862ರಿಂದ 1873ರವರೆಗೆ ಅಚ್ಚಾದ ರೂಪಾಯಿಗಳ ಮೇಲೆಲ್ಲ ಒಂದೇ ಇಸವಿ, 1862! ಇಸವಿ ಬದಲಿಸಲಿಲ್ಲ. ಆದರೆ ಬೊಂಬಾಯಿ ಟಂಕಸಾಲೆ ಸುಮ್ಮನೆ ಕೂರಲಿಲ್ಲ. ಯಾವ ವರ್ಷದ ಮಾಲು ಎಂಬುದನ್ನು ಚುಕ್ಕಿಗಳಲ್ಲಿ ಬರೆದಿಟ್ಟಿತು! ರಾಣಿಯ ರೂಪಾಯಿಯ ಮೇಲೆ ಗುಟ್ಟಿನ ಲೆಕ್ಕ. ಹೂಬಳ್ಳಿಯ ನಡುವೆ ಅಡಗಿ ಕೂತ ಲೆಕ್ಕ. ಒಂದೂವರೆ ಶತಮಾನದಿಂದ ಅದಕ್ಕೆ ಕುಂಕುಮ ಹಚ್ಚುತ್ತಿದ್ದೇವೆ, ಎಣಿಸಿಲ್ಲ!

ದಯವಿಟ್ಟು ಆ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಮೊದಲು ಅಳಿಯುವುದು ಆ ಚುಕ್ಕಿಗಳೇ.

ಸರಿ, ನಿಮ್ಮ ರೂಪಾಯಿ ಅಸಲಿಯೇ? ಇದು ಬೇಕಾದ ಪ್ರಶ್ನೆ! ಧನತ್ರಯೋದಶಿ ಬಂತೆಂದರೆ ಸರಾಫ ಅಂಗಡಿಗಳಲ್ಲಿ ರಾಣಿ ಛಾಪಿನ, ರಾಜನ ಛಾಪಿನ ಹೊಸ ಬೆಳ್ಳಿ ನಾಣ್ಯಗಳು ಸಾಲುಗಟ್ಟುತ್ತವೆ. ಬೆಳ್ಳಿ ಅಪ್ಪಟವೇ ಇರಬಹುದು, ರೂಪಾಯಿ ಮಾತ್ರ ಹಳೆಯದಲ್ಲ. ಬೆಳ್ಳಿಯೂ ಅಲ್ಲದ, ಎರಕ ಹೊಯ್ದ ನಕಲಿಗಳು ಬೇರೆ!

ಹಿಡಿಯುವುದು ಹೇಗೆ? ಗುರುತುಗಳನ್ನು ಒಂದಕ್ಕೊಂದು ತಾಳೆ ನೋಡಿ! ನಕಲಿ ಮಾಡುವವನು ರಾಣಿಯ ಮುಖ ಚೆನ್ನಾಗಿ ಬಿಡಿಸುತ್ತಾನೆ, ಅಕ್ಷರ ಚೆನ್ನಾಗಿ ಕೆತ್ತುತ್ತಾನೆ. ಎರಡನ್ನೂ ಜೋಡಿಸುವಾಗ ಎಡವುತ್ತಾನೆ!

ಒಂದು ಒಗಟು. ಇಸವಿ 1885. ರಾಣಿಯ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಕ್ವೀನ್’. ಅಸಲಿಯೋ ನಕಲಿಯೋ?

ನಕಲಿ! 1877ರ ಜನವರಿ 1ರಂದು ದಿಲ್ಲಿ ದರ್ಬಾರಿನಲ್ಲಿ ಆಕೆಯನ್ನು ಚಕ್ರವರ್ತಿನಿ ಎಂದು ಸಾರಿದರು. ಅಂದಿನಿಂದ ರೂಪಾಯಿಯ ಮೇಲೆ ‘ಎಂಪ್ರೆಸ್’. 1885ರಲ್ಲಿ ‘ಕ್ವೀನ್’ ಹೇಗೆ ಬಂತು?

ಇನ್ನೊಂದು. ಒಂದು ಕಡೆ ರಾಮ ದರ್ಬಾರು, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ, 1818’. ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂದು ಮೊಬೈಲಿನಲ್ಲಿ ಫೋಟೋ ಬರುತ್ತಲೇ ಇರುತ್ತದಲ್ಲ? ಅಂಥ ನಾಣ್ಯವನ್ನು ಕಂಪನಿ ಅಚ್ಚು ಹಾಕಿಯೇ ಇಲ್ಲ! ದೇವಸ್ಥಾನದ ಬಳಿ ಮಾರುವ ಪೂಜೆಯ ಬಿಲ್ಲೆ ಅದು. ಭಕ್ತಿಯಿಂದ ಇಟ್ಟುಕೊಳ್ಳಿ, ದುಡ್ಡು ಸುರಿಯಬೇಡಿ.

ಐದನೇ ಜಾರ್ಜ್ ರಾಜನ ರೂಪಾಯಿ ಇದೆಯೇ? ತಿರುಗಿಸಿ. ಸುತ್ತಲಿನ ಹಾರದಲ್ಲಿ ಗುಲಾಬಿ, ಮುಳ್ಳುಹೂವು, ಅಡಿಯಲ್ಲಿ ನಮ್ಮ ತಾವರೆ! ತಾವರೆಯ ಕೆಳಗೆ ಉಬ್ಬಿದ ಚುಕ್ಕಿಯೊಂದಿದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತಾ. ಇಸವಿ 1918 ಅಥವಾ 1919 ಆಗಿದ್ದರೆ ಒಂದು ಕ್ಷಣ ಕೈಯಲ್ಲೇ ಹಿಡಿದುಕೊಳ್ಳಿ. ಮಹಾಯುದ್ಧದ ಆ ದಿನಗಳಲ್ಲಿ ರೂಪಾಯಿಗೆ ಬೆಳ್ಳಿ ಸಾಲದಾಗಿ, ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನೇ ಕರಗಿಸಿ ಕೊಟ್ಟಿತು. ಎಷ್ಟು ಡಾಲರು? ಊಹಿಸಿ! ಲಕ್ಷವೇ? ಕೋಟಿಯೇ? ಸುಮಾರು 26 ಕೋಟಿ! ಕಲ್ಯಾಣದ ನಿಮ್ಮ ಮನೆಯ ರೂಪಾಯಿಯಲ್ಲಿ ಅಮೆರಿಕದ ಡಾಲರು ಕರಗಿ ಕೂತಿರಬಹುದು!

ಈಗ ಮನೆಯಲ್ಲೇ ಒಂದು ಪರೀಕ್ಷೆ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಸವೆಯದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ! ಆದರೆ ತೂಕವನ್ನು ನಕಲಿಯವನೂ ಸರಿಮಾಡಬಲ್ಲ. ಹಾಗಾಗಿ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ರೂಪಾಯಿಗೆ ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ, ತಳಕ್ಕೆ ತಾಗದಂತೆ ತೂಗಬಿಡಿ. ತಕ್ಕಡಿ ಎಷ್ಟು ತೋರಿಸಿತು?

ಸುಮಾರು 1.13 ಬಂದರೆ ಕುಣಿಯಿರಿ! ಅದೇ ತೂಕದ, ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಆದರೆ 1.35ರ ಹತ್ತಿರ ಹೋಗುತ್ತದೆ. ಮುಖವನ್ನು ನಕಲು ಮಾಡಬಹುದು. ನೀರನ್ನು ಹೇಗೆ ಒಪ್ಪಿಸುತ್ತಾನೆ?

ಆಯಸ್ಕಾಂತವನ್ನೂ ಹಿಡಿಯಿರಿ, ಬೆಳ್ಳಿ ಅಂಟುವುದಿಲ್ಲ. ಆದರೆ 1947ರ ರೂಪಾಯಿ ಗಪ್ಪನೆ ಅಂಟಿದರೆ ಗಾಬರಿಬೇಡ! ಆ ವರ್ಷದ ರೂಪಾಯಿ ಬೆಳ್ಳಿಯದಲ್ಲ, ನಿಕ್ಕಲಿನದು. ಅಂಟದಿದ್ದರೇ ಅನುಮಾನ!

ಈಗ ನಿಮ್ಮನ್ನು ರಷ್ಯಕ್ಕೆ ಕರೆದೊಯ್ಯಬೇಕು. ಇದೇ ತಾಳೆಯ ಆಟ ಅಲ್ಲಿ ಇನ್ನೂ ರೋಚಕ! ಝಾರ್ ಕಾಲದ ಬೆಳ್ಳಿ ಚಮಚದ ಹಿಡಿಯ ಹಿಂದೆ ಒಂದು ಅಂಕಿ: 84. ಶೇಕಡಾ 84 ಬೆಳ್ಳಿ ಎಂದುಕೊಂಡಿರಾ? ತಪ್ಪು! ರಷ್ಯದ ಒಂದು ಪೌಂಡಿಗೆ 96 ಝೊಲೊಟ್ನಿಕ್. 96ರಲ್ಲಿ 84 ಪಾಲು ಬೆಳ್ಳಿ, ಅಂದರೆ ಶೇಕಡಾ 87.5.

ಅಂಕಿಯ ಪಕ್ಕದಲ್ಲಿ ತಲೆಗೆ ಕೊಕೊಶ್ನಿಕ್ ಎಂಬ ಅಲಂಕಾರ ತೊಟ್ಟ ಹೆಂಗಸಿನ ಮುಖ. ಅಗಲ ಕೆಲವೇ ಮಿಲಿಮೀಟರು! ಆಕೆ ಯಾವ ಕಡೆ ನೋಡುತ್ತಿದ್ದಾಳೆ ಎಂಬುದರಲ್ಲೇ ಇದೆ ಗುಟ್ಟು. 19ನೇ ಶತಮಾನದ ಕೊನೆಯಿಂದ ಎಡಕ್ಕೆ ನೋಡುತ್ತಿದ್ದಳು. 1908ರಿಂದ ಬಲಕ್ಕೆ ತಿರುಗಿದಳು!

ಈಗ ನೀವೇ ಪತ್ತೇದಾರರು. ನಿಮ್ಮ ಮುಂದೆ ರಷ್ಯದ ಹೆಸರಾಂತ ಆಭರಣ ಸಂಸ್ಥೆ ಫ್ಯಾಬರ್ಜೆಯ ಹೆಸರು ಕೆತ್ತಿದ ಒಂದು ಸಿಗರೇಟು ಪೆಟ್ಟಿಗೆ. ಅಲ್ಲಿನ ಮಿಖಾಯಿಲ್ ಪೆರ್ಖಿನ್ ಎಂಬ ಮಹಾ ಕುಶಲಕರ್ಮಿಯ ಮುದ್ರೆ ಅದರ ಮೇಲೆ ಚೊಕ್ಕವಾಗಿದೆ. ಪಕ್ಕದಲ್ಲಿ ಬಲಕ್ಕೆ ನೋಡುವ ಹೆಂಗಸು, ಅವಳೂ ಚೊಕ್ಕ. ಕೊಳ್ಳುತ್ತೀರಾ?

ಬೇಡ! ಪೆರ್ಖಿನ್ ತೀರಿಕೊಂಡದ್ದು 1903ರಲ್ಲಿ. ಆಕೆ ಬಲಕ್ಕೆ ತಿರುಗಿದ್ದು 1908ರಲ್ಲಿ. ಸತ್ತು ಐದು ವರ್ಷವಾದ ಮೇಲೆ ಬಂದು ಮುದ್ರೆ ಒತ್ತಿದನೇ? ಒಂದೊಂದು ಮುದ್ರೆಯೂ ಚೆಂದ, ಎರಡೂ ಸೇರಿದರೆ ಹಸಿ ಸುಳ್ಳು! ನನಗಂತೂ ಇದು ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯಿಲ್ಲ.

ಆದರೆ ದೊಡ್ಡ ಬೆರಗನ್ನು ಇನ್ನೂ ಹೇಳಿಲ್ಲ.

ರಷ್ಯದಲ್ಲಿ 84ಕ್ಕಿಂತ ಉತ್ತಮ ದರ್ಜೆಯ ಬೆಳ್ಳಿಯ ಮೇಲೆ 88 ಎಂಬ ಅಂಕಿ ಇರುತ್ತಿತ್ತು. 96ರಲ್ಲಿ 88. ಲೆಕ್ಕ ಹಾಕಿ: ಹನ್ನೆರಡರಲ್ಲಿ ಹನ್ನೊಂದು ಪಾಲು. ನಿಮ್ಮ ಅಜ್ಜಿಯ ರೂಪಾಯಿಯಲ್ಲಿ ಬೆಳ್ಳಿ ಎಷ್ಟು? ಹನ್ನೆರಡರಲ್ಲಿ ಹನ್ನೊಂದು ಪಾಲು! ಈಗ ನಿಮ್ಮ ಬಳೆಯ ಒಳಬದಿ ನೋಡಿ. 22 ಕ್ಯಾರಟ್, 24ರಲ್ಲಿ 22. ಮತ್ತೆ ಹನ್ನೆರಡರಲ್ಲಿ ಹನ್ನೊಂದು! ಸಾವಿರಕ್ಕೆ ಎಷ್ಟಾಯಿತು?

916!

ಝಾರ್ ಕಾಲದ 88ರ ಚಮಚ, ವಿಕ್ಟೋರಿಯಾಳ ರೂಪಾಯಿ, ಥಾಣೆಯ ಅಂಗಡಿಯಲ್ಲಿ ಕೊಂಡ ಕರಿಮಣಿ ಸರ, ಮೂರಕ್ಕೂ ಒಂದೇ ಪಾಕ!

ಆ 916ರ ಪಕ್ಕದಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ತ್ರಿಕೋನ, ಜೊತೆಗೆ ಅಕ್ಷರ ಅಂಕಿ ಬೆರೆತ ಆರು ಸ್ಥಾನಗಳ ಸಂಕೇತ ಇರುತ್ತದೆ. ಒಂದು ಒಡವೆಗೆ ಒಂದೇ ಸಂಕೇತ, ಇನ್ನೊಂದಕ್ಕಿಲ್ಲ! ಚಿನ್ನದ ಒಡವೆ ಮಾರಲು 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಬೆಳ್ಳಿಗೂ 2025ರ ಸೆಪ್ಟೆಂಬರ್ 1ರಿಂದ ಬಂದಿದೆ, ಸದ್ಯಕ್ಕೆ ಐಚ್ಛಿಕವಾಗಿ. ಕಡ್ಡಾಯವಾಗುವವರೆಗೆ ಕಾಯಬೇಡಿ, ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಯಾರೋ ಕಿಲಾಡಿ ಬೇರೆ ಒಡವೆಯ ಅಸಲಿ ಸಂಕೇತವನ್ನೇ ನಕಲು ಮಾಡಿ ಒತ್ತಿದರೆ? ಬಿಐಎಸ್ ಕೇರ್ ಆ್ಯಪ್ ತೆರೆದು ಆರೂ ಒತ್ತಿ. ಪರೀಕ್ಷೆ ನಡೆದ ಕೇಂದ್ರ ಯಾವುದು, ಶುದ್ಧತೆ ಎಷ್ಟು ಎಂಬುದರ ಜೊತೆ ಅದು ಯಾವ ಬಗೆಯ ಒಡವೆ ಎಂಬುದೂ ಬರುತ್ತದೆ. ಪರದೆಯ ಮೇಲೆ ‘ಬಳೆ’ ಎಂದಿದೆ, ನಿಮ್ಮ ಕೈಯಲ್ಲಿರುವುದು ಸರ. ಸಿಕ್ಕಿಬಿದ್ದ, ಪೆರ್ಖಿನ್ ಪೆಟ್ಟಿಗೆಯವನಂತೆಯೇ!