ಚಳಿಯ ವ್ಯಾಜ್ಯ

ಬಳ್ಳಾರಿ ಸೀಮೆಯವರು ಚಳಿಯ ಮಾತೆತ್ತಿದರೆ ಹೊರಗಿನವರಿಗೆ ನಗು ಬರುತ್ತದೆ. ‘ನಿಮ್ಮಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ’ ಎಂಬ ವಿನೋದವನ್ನು ನಾವು ಕೇಳಿದ್ದೇವೆ, ಕೇಳಿ ನಕ್ಕಿದ್ದೇವೆ, ನೆಂಟರೆದುರು ನಾವೇ ಹೇಳಿಯೂ ಇದ್ದೇವೆ. ಆದರೆ ಮಾರ್ಗಶಿರ ಕಾಲಿಟ್ಟ ಮೇಲೆ ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಐದು ಗಂಟೆಗೆ ಮೊದಲ ಬಸ್ಸಿಗೆ ಕಾದು ನಿಂತವರನ್ನು ಒಮ್ಮೆ ನೋಡಬೇಕು. ತಲೆಗೆ ಟವೆಲ್ಲು, ಮೈಗೆ ರಗ್ಗು, ಎರಡು ಅಂಗೈಗಳ ನಡುವೆ ಚಹದ ಲೋಟ, ಮಾತಿಲ್ಲ, ಕಥೆಯಿಲ್ಲ. ಅವರ ಮುಂದೆ ಈ ವಿನೋದವನ್ನಾಡುವ ಧೈರ್ಯ ಯಾರಿಗೂ ಬಾರದು.

ಕಳೆದ ಡಿಸೆಂಬರಿನಲ್ಲಿ ಅಧ್ಯಾಪಕರ ತರಬೇತಿಯೊಂದಕ್ಕಾಗಿ ನಾವು ಕೆಲವರು ಹಗರಿಬೊಮ್ಮನಹಳ್ಳಿಯಲ್ಲಿ ಸೇರಿದ್ದೆವು. ತರಬೇತಿ ಕೊಡುವವರು ಇನ್ನೂ ಬಂದಿರಲಿಲ್ಲ. ಕೋಣೆಯೊಳಗಿನ ಕಲ್ಲುಹಾಸು ಅಂಗಾಲನ್ನು ಕೊರೆಯುತ್ತಿದ್ದುದರಿಂದ ಒಬ್ಬೊಬ್ಬರಾಗಿ ಹೊರಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಎಳೆಬಿಸಿಲಿಗೆ ಮೈಯೊಡ್ಡಿ ನಿಂತೆವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ, ಹೀಗೆ ಐದು ತಾಲ್ಲೂಕಿನ ಐವರು. ಐವರು ಮೇಷ್ಟ್ರುಗಳು ಕೆಲಸವಿಲ್ಲದೆ ಒಂದೆಡೆ ನಿಂತ ಮೇಲೆ ವಾದವೊಂದು ಹುಟ್ಟಲೇಬೇಕು. ಯಾರ ಸೀಮೆಯ ಚಳಿಗಾಲ ಎಲ್ಲಕ್ಕಿಂತ ದುಸ್ತರವಾದದ್ದು ಎಂಬುದೇ ಅಂದಿನ ವ್ಯಾಜ್ಯವಾಯಿತು.

ಮೊದಲ ಅರ್ಜಿ ಕೂಡ್ಲಿಗಿಯವರದು. “ನಮ್ಮದು ಬಂಡೆಗಳ ನಾಡು. ಗುಡೇಕೋಟೆಯ ಕರಡಿಗಳಿಗಾದರೂ ಮೈತುಂಬ ಕೂದಲಿದೆ, ಹೊಕ್ಕು ಮಲಗಲು ಗವಿಯಿದೆ. ನಮಗೇನಿದೆ?” ಎಂದರು. ಅವರು ವಿಜ್ಞಾನದ ಅಧ್ಯಾಪಕರಾದುದರಿಂದ ಕಾರಣವನ್ನೂ ವಿವರಿಸಿದರು. ಮಳೆ ಹಿಂದೆಗೆದ ಮೇಲೆ ಈ ಬಯಲಿನ ಗಾಳಿಯಲ್ಲಿ ಪಸೆ ಉಳಿಯುವುದಿಲ್ಲ, ಆಕಾಶದಲ್ಲಿ ಮೋಡ ನಿಲ್ಲುವುದಿಲ್ಲ. ಹಗಲೆಲ್ಲ ಉಂಡ ಬಿಸಿಯನ್ನು ನೆಲ ರಾತ್ರಿ ಹಿಡಿದಿಡಲಾರದೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವೆಂಬುದು ಭೂಮಿಯ ಕಂಬಳಿ. ನಮ್ಮ ಭೂಮಿ ಬರಿಮೈಯಲ್ಲಿ ಮಲಗುತ್ತದೆ. ಆದ್ದರಿಂದಲೇ ಮಧ್ಯಾಹ್ನ ಬೆವರಿದ ಅಂಗಿಯ ಮೇಲೆಯೇ ಮರುದಿನ ನಸುಕಿನಲ್ಲಿ ಸ್ವೆಟರು ಏರಿಸಬೇಕಾಗುತ್ತದೆ.

ಹಡಗಲಿಯವರು ತುಂಗಭದ್ರೆಯ ಮಂಜನ್ನು ಮುಂದಿಟ್ಟರು. ಮಂಜಿಗಿಂತ ಹೆಚ್ಚಾಗಿ ಮಲ್ಲಿಗೆಯನ್ನು. ಊರಿನ ಹೆಸರಿನಲ್ಲಿಯೇ ಹೂವಿದ್ದರೂ ಚಳಿ ಬಲಿತ ತಿಂಗಳುಗಳಲ್ಲಿ ಮೊಗ್ಗು ಬಿಡುವುದು ಅಪರೂಪ. ಮಾರುಕಟ್ಟೆಯಲ್ಲಿ ಬೆಲೆ ಏರಿರುತ್ತದೆ, ಬುಟ್ಟಿಯಲ್ಲಿ ಹೂವಿರುವುದಿಲ್ಲ. ಬೆಳೆಗಾರನಿಗೆ ಇದಕ್ಕಿಂತ ದೊಡ್ಡ ನಡುಕ ಯಾವುದು ಎಂದು ಅವರ ಪ್ರಶ್ನೆ.

ಹಗರಿಬೊಮ್ಮನಹಳ್ಳಿಯವರು ತುಂಗಭದ್ರಾ ಹಿನ್ನೀರಿನ ಮೇಲಿಂದ ಬೀಸುವ ಗಾಳಿಯನ್ನು ಬಣ್ಣಿಸುತ್ತ ಬಣ್ಣಿಸುತ್ತ, ಅಭಿಮಾನಕ್ಕೆ ಸಿಕ್ಕಿ, ಅಂಕಸಮುದ್ರದ ಕೆರೆಯ ಹಕ್ಕಿಗಳ ಕಡೆಗೆ ಮಾತನ್ನು ತಿರುಗಿಸಿಬಿಟ್ಟರು. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮನ್ನಣೆ ದೊರೆಯಿತು. ಅದೇ ವರ್ಷ ಅದೇ ಮನ್ನಣೆ ಪಡೆದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ, ಮಂಗೋಲಿಯದಂಥ ದೂರದ ನಾಡುಗಳಿಂದ ಬಂದು ಚಳಿಗಾಲ ಕಳೆಯುತ್ತವೆ. ಇದನ್ನು ಹೇಳಿದೊಡನೆ ಅವರ ವಾದ ಕುಸಿದುಬಿತ್ತು. ಯಾವ ಚಳಿಯನ್ನು ನಾವು ದುಸ್ತರವೆಂದು ದೂರುತ್ತಿದ್ದೆವೋ ಅದನ್ನೇ ಬೆಚ್ಚನೆಯ ತವರೆಂದು ನಂಬಿ ಅಷ್ಟು ದೂರದಿಂದ ಬರುವವರಿದ್ದಾರೆ!

ಕೊಟ್ಟೂರಿನವನಾದ ನನ್ನ ಪಕ್ಷ ಮೊದಲಿನಿಂದಲೂ ದುರ್ಬಲವಾದದ್ದು. ಕೊಟ್ಟೂರೇಶ್ವರನ ತೇರಿಗೆಂದು ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಸಾವಿರಾರು ಜನರಿಗೆ ರಾತ್ರಿಯ ತಂಪು ಒಂದು ಉಪಕಾರವೇ ಸರಿ. ಎರೆಹೊಲದ ರೈತನನ್ನು ಕೇಳಿದರೆ ಆತನೂ ಚಳಿಯನ್ನು ಬೈಯುವುದಿಲ್ಲ. ಹಿಂಗಾರಿ ಜೋಳವೂ ಕಡಲೆಯೂ ನೆಲದಾಳದ ತೇವ, ಮೇಲಿನ ಇಬ್ಬನಿ, ರಾತ್ರಿಯ ತಂಪು ಈ ಮೂರನ್ನೇ ನಂಬಿ ಬೆಳೆಯುವ ಬೆಳೆಗಳು. ಕಡಲೆಗಿಡದ ಮೇಲೆ ರಾತ್ರಿ ಬಿಳಿಯ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಹುಳಿಯಾದ ಇಬ್ಬನಿಯನ್ನು ಹೊಟ್ಟೆನೋವಿನ ಔಷಧವೆಂದು ಸೀಸೆಯಲ್ಲಿ ತುಂಬಿಡುತ್ತಿದ್ದ ಅಜ್ಜಿಯರನ್ನು ನಾನು ಕಂಡಿದ್ದೇನೆ. ಸೀತನಿಯ ರುಚಿಯಂತೂ ಚಳಿಯಿಲ್ಲದೆ ಇಲ್ಲವೇ ಇಲ್ಲ.

ಅಲ್ಲಿಂದ ವಾದ ತಾಲ್ಲೂಕಿನ ಗಡಿ ದಾಟಿ ಹೋಯಿತು. ಬೀದರಿನಲ್ಲಿ 1918ರ ಡಿಸೆಂಬರ್ 16ರಂದು 2.8 ಡಿಗ್ರಿಗೆ ಇಳಿದಿತ್ತೆಂದು ಒಬ್ಬರು ನೆನಪಿಸಿದರು. ಸೈಬೀರಿಯದ ಓಯ್‌ಮ್ಯಾಕಾನ್ ಎಂಬ ಹಳ್ಳಿಯಲ್ಲಿ 1933ರಲ್ಲಿ ಶೂನ್ಯಕ್ಕಿಂತ 67.7 ಡಿಗ್ರಿ ಕೆಳಗೆ ಹೋಗಿತ್ತೆಂದು ಕೂಡ್ಲಿಗಿಯವರು ಬೀದರನ್ನು ಮೂಲೆಗೆ ತಳ್ಳಿದರು. ರಷ್ಯದ ಮೂರ್ಮನ್ಸ್ಕ್ ನಗರದಲ್ಲಿ ಸುಮಾರು ನಲವತ್ತು ದಿನ ಸೂರ್ಯ ಮೂಡುವುದೇ ಇಲ್ಲ. ಬಿಸಿಲಿಗೆ ಮೈಯೊಡ್ಡುವ ಭಾಗ್ಯವೇ ಇಲ್ಲದ ಊರೇ ಎಲ್ಲಕ್ಕಿಂತ ಹೀನವೆಂದು ಹಡಗಲಿಯವರು. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಐದು ದಿನ ಕವಿದ ಹೊಗೆಮಂಜು ಸಾವಿರಾರು ಜನರ ಪ್ರಾಣ ಕೊಂಡದ್ದನ್ನು ನಾನು ಹೇಳಿದೆ. ಹೀಗೆ ಗೆಲುವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾರುತ್ತಿತ್ತು. ದೂರದ ಕಷ್ಟವನ್ನು ಪಂದ್ಯಕ್ಕಿಡುವುದು ಎಷ್ಟು ಸುಲಭ!

ಆಗ ನನಗೆ ಎಂದೋ ಓದಿದ ಸಂಗತಿಯೊಂದು ನೆನಪಾಯಿತು. ಯುರೋಪಿನ ದೇಶಗಳಲ್ಲಿ ಬೇರೆ ಋತುಗಳಿಗಿಂತ ಚಳಿಗಾಲದಲ್ಲಿ ಎಷ್ಟು ಹೆಚ್ಚು ಜನ ಸಾಯುತ್ತಾರೆಂದು ಹೀಲಿ ಎಂಬ ಸಂಶೋಧಕರು ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಹಿಮದಲ್ಲಿ ಹೂತುಹೋಗುವ ಫಿನ್ಲೆಂಡಿನಲ್ಲಿ ಆ ಹೆಚ್ಚಳ ನೂರಕ್ಕೆ 10; ಬಿಸಿಲಿಗೆ ಹೆಸರಾದ ಪೋರ್ಚುಗಲ್ಲಿನಲ್ಲಿ ನೂರಕ್ಕೆ 28! ಫಿನ್ಲೆಂಡಿನವನು ಚಳಿಯನ್ನು ಎದುರು ನೋಡಿಯೇ ಮನೆ ಕಟ್ಟುತ್ತಾನೆ. ಪೋರ್ಚುಗಲ್ಲಿನ ಬಡವನ ಮನೆ ಬೇಸಗೆಯನ್ನು ನೆನೆದು ಕಟ್ಟಿದ್ದು. ಎಂದಮೇಲೆ ಚಳಿಯ ಕ್ರೌರ್ಯವನ್ನು ಉಷ್ಣಮಾಪಕ ಹೇಳಲಾರದು. ಗೋಡೆ ಹೇಳಬೇಕು, ಹೊದಿಕೆ ಹೇಳಬೇಕು.

ಗೋಡೆಯ ಮಾತು ಬಂದಾಗ ನಮ್ಮ ಸೀಮೆಯ ಮಾಳಿಗೆ ಮನೆಗಳನ್ನು ನೆನೆಯದಿರಲಾಗದು. ಮೊಳದಗಲದ ಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಹರವಿದ ಗೇಣುದ್ದದ ಮಣ್ಣು. ಆ ಮಣ್ಣು ಹಗಲಿನ ಬಿಸಿಯನ್ನು ನಿಧಾನವಾಗಿ ಒಳಗೆ ಎಳೆದುಕೊಂಡು, ನಡುರಾತ್ರಿಯಲ್ಲಿ ಅಷ್ಟೇ ನಿಧಾನವಾಗಿ ಮಲಗಿದವರಿಗೆ ಹಂಚುತ್ತಿತ್ತು. ಮಳೆಗಾಲದ ಸೋರಿಕೆಗೆ ಬೇಸತ್ತು ಜನ ಅದನ್ನು ಕೆಡವಿದರು. ಅವರನ್ನು ದೂರಲಾರೆ, ನಾನೂ ಕೆಡವಿದವನೇ. ಉಳ್ಳವರು ಸಿಮೆಂಟಿನ ಮನೆ ಕಟ್ಟಿಕೊಂಡರು, ಇಲ್ಲದವರು ತಗಡು ಹೊದಿಸಿದರು. ತಗಡಿಗೆ ನೆನಪಿನ ಶಕ್ತಿಯೇ ಇಲ್ಲ. ಸೂರ್ಯ ಮುಳುಗಿದ ಗಳಿಗೆಯಲ್ಲೇ ಅದು ಹಗಲನ್ನು ಮರೆತುಬಿಡುತ್ತದೆ.

ಇಷ್ಟು ಹೊತ್ತೂ ಹರಪನಹಳ್ಳಿಯವರು ಬಾಯಿ ತೆರೆದಿರಲಿಲ್ಲ. ಅವರ ತಾಲ್ಲೂಕು ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ನಮ್ಮೆಲ್ಲರೊಡನೆ ವಿಜಯನಗರ ಜಿಲ್ಲೆಗೆ ಸೇರಿದ್ದು. ‘ಯಾವ ಜಿಲ್ಲೆಯ ಚಳಿಯೆಂದು ತಿಳಿಯದೆ ಸುಮ್ಮನಿದ್ದೀರಾ?’ ಎಂದು ಕೂಡ್ಲಿಗಿಯವರು ಕೆಣಕಿದರು. ಅವರು ನಕ್ಕು, “ನಮ್ಮ ಚಳಿಗಾಲ ಹಾಜರಿ ಪುಸ್ತಕದಲ್ಲಿ ಶುರುವಾಗುತ್ತದೆ, ಮೇಷ್ಟ್ರೇ” ಎಂದರು.

ಅವರದು ತಾಂಡಾದ ಶಾಲೆ. ದೀಪಾವಳಿಯಲ್ಲಿ ಲಂಬಾಣಿ ಹೆಣ್ಣುಮಕ್ಕಳು ದೀಪ ಹಿಡಿದು ಮನೆಮನೆಗೆ ಹೋಗಿ ಹರಸುತ್ತಾರೆ. ಅದು ಮುಗಿದ ಕೆಲವೇ ದಿನಗಳಲ್ಲಿ ತಾಂಡಾ ಅರ್ಧ ಖಾಲಿ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ. ಮೇಸ್ತ್ರಿಯಿಂದ ಮುಂಗಡ ಪಡೆದದ್ದು ಮಳೆ ಕೈಕೊಟ್ಟಾಗಲೇ, ತೀರಿಸುವುದು ಚಳಿಯಲ್ಲಿ. ಗುಳೆ ಎಂಬ ಎರಡಕ್ಷರದಲ್ಲಿ ಇದೆಲ್ಲವೂ ಅಡಗಿದೆ. ಅಪ್ಪ ಅಮ್ಮಂದಿರೊಡನೆ ಹೋದ ತಮ್ಮ ಶಾಲೆಯ ಮಕ್ಕಳನ್ನು ಕರೆತರಲೆಂದು ಈ ಮೇಷ್ಟ್ರು ಒಮ್ಮೆ ಮಂಡ್ಯದ ಕಡೆಗೆ ಹೋಗಿದ್ದರಂತೆ. ಗದ್ದೆಯ ಬದುವಿನಲ್ಲಿ ಕಬ್ಬಿನ ಸೋಗೆಯ ಗುಡಿಸಲು, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ನಾಲ್ಕು ದಿಕ್ಕಿನಿಂದಲೂ ಗಾಳಿ. ನಸುಕಿನಲ್ಲೇ ಕೆಲಸ ಶುರು. ಇಬ್ಬನಿಯಲ್ಲಿ ನೆನೆದ ಗರಿ ಕೈಯನ್ನು ಗೀರುತ್ತದೆ, ಒದ್ದೆ ಸೀರೆ ಮೈಮೇಲೆಯೇ ಒಣಗಬೇಕು. ಮಂಡ್ಯದ ಚಳಿ ನಮ್ಮೂರಿನದಕ್ಕಿಂತ ಹೆಚ್ಚಿನದೇನೂ ಅಲ್ಲ. ಮಕ್ಕಳು ಬರಲಿಲ್ಲ, ಚಿಕ್ಕ ಕೂಸನ್ನು ನೋಡಿಕೊಳ್ಳಲು ದೊಡ್ಡ ಮಗು ಬೇಕಿತ್ತು.

ನಮ್ಮ ವ್ಯಾಜ್ಯಕ್ಕೆ ನ್ಯಾಯಾಧೀಶನಿದ್ದಿದ್ದರೆ ತೀರ್ಪು ಇಲ್ಲಿಗೇ ಆಗುತ್ತಿತ್ತು. ಓಯ್‌ಮ್ಯಾಕಾನಿನವನು ತನ್ನ ಊರಿನ ಚಳಿಯನ್ನು ತನ್ನ ಮನೆಯೊಳಗೆ ಕುಳಿತು, ತನ್ನ ಒಲೆಯ ಮುಂದೆ ಎದುರಿಸುತ್ತಾನೆ. ಪರಸ್ಥಳದ ಗದ್ದೆಯ ಬದುವಿನಲ್ಲಿ ಹದಿನೈದು ಡಿಗ್ರಿಯೂ ಸಾಕು.

“ಹೋದವರದು ಹಾಗೆ. ಉಳಿದವರದು?” ಎಂದು ಹಡಗಲಿಯವರು ಕೇಳಿದರು.

ತಾಂಡಾದಲ್ಲಿ ಉಳಿಯುವವರು ಮುದುಕರು ಮತ್ತು ಅವರಿಗೆ ಒಪ್ಪಿಸಿಹೋದ ಮೊಮ್ಮಕ್ಕಳು. ಅಂಥ ಒಂದು ಮನೆಯಲ್ಲಿ, ಹಳೆಯ ಸೀರೆಗಳನ್ನು ಕೂಡಿಸಿ ಅಜ್ಜಿಯೇ ಹೊಲಿದ ನಾಲ್ಕು ಕೌದಿಗಳಿದ್ದವಂತೆ. ಹೊರಡುವ ದಿನ ಮೂರನ್ನು ಗಂಟು ಕಟ್ಟಿ ಲಾರಿಗೆ ಹಾಕಿದವಳು ಅಜ್ಜಿಯೇ. ಅಲ್ಲಿ ಬಯಲು, ಇಲ್ಲಿ ಸೂರಾದರೂ ಇದೆಯಲ್ಲ ಎಂದು. ಕುರಿಯುಣ್ಣೆಯ ಕಂಬಳಿ ಕೊಳ್ಳುವ ಶಕ್ತಿ ಆ ಮನೆಗೆ ಇಲ್ಲ. ಉಳಿದ ಒಂದು ಕೌದಿಯನ್ನು ಎಂಟು ವರ್ಷದ ಮೊಮ್ಮಗಳಿಗೆ ಹೊದಿಸಿ, ಅಜ್ಜಿ ಒಲೆಯ ಬಳಿ ಕುಳಿತೇ ರಾತ್ರಿ ಕಳೆಯುತ್ತಾಳೆ. ನಿದ್ದೆಯೇನಿದ್ದರೂ ಹಗಲು, ಅಂಗಳದ ಬಿಸಿಲಿನಲ್ಲಿ. ಹಾಗಾಗಿ ಬೆಳಿಗ್ಗೆ ಅಜ್ಜಿಗೆ ಕಣ್ಣು ಹತ್ತುವವರೆಗೂ ಕಾದು, ಕೌದಿಯನ್ನು ಆಕೆಯ ಮೇಲೆ ಹೊದಿಸಿ ಬರುವ ಹುಡುಗಿಗೆ ಶಾಲೆಗೆ ತಡವಾಗುತ್ತದೆ.

“ಅದಕ್ಕೇ ಹೆಸರು ಕೂಗುವುದನ್ನು ನಾನು ಬಿಸಿಲು ಮಾರುದ್ದ ಏರಿದ ಮೇಲೆ ಇಟ್ಟುಕೊಂಡಿದ್ದೇನೆ” ಎಂದರು ಹರಪನಹಳ್ಳಿಯ ಮೇಷ್ಟ್ರು. ಅಷ್ಟರಲ್ಲಿ ತರಬೇತಿಯವರು ಬಂದರು. ನಾವು ಒಳಗೆ ಹೋಗಿ ನಮ್ಮ ಹಾಜರಿ ಹಾಕಿದೆವು.