ಸಾರ್ವಜನಿಕ ಸಾರಿಗೆ ಮತ್ತು ವಾಯುಮಾಲಿನ್ಯ

ಸ್ವಂತ ಕಾರು ಅಥವಾ ದ್ವಿಚಕ್ರ ವಾಹನದ ಬದಲು ಬಸ್ಸು, ರೈಲು, ಮೆಟ್ರೊಗಳಲ್ಲಿ ಪ್ರಯಾಣಿಸುವುದು ವಾಹನಗಳಿಂದಾಗುವ ವಾಯುಮಾಲಿನ್ಯವನ್ನು ತಗ್ಗಿಸುವ ಪ್ರಮುಖ ವಿಧಾನಗಳಲ್ಲಿ ಒಂದು. ಇದರ ಪ್ರಯೋಜನವು ಮುಖ್ಯವಾಗಿ ವಾಹನದಲ್ಲಿರುವ ಪ್ರಯಾಣಿಕರ ಸಂಖ್ಯೆಯನ್ನು ಅವಲಂಬಿಸಿರುತ್ತದೆ.

ಮಾಲಿನ್ಯಕಾರಕಗಳು

ಪೆಟ್ರೋಲ್ ಮತ್ತು ಡೀಸೆಲ್ ಉರಿದಾಗ ಇಂಗಾಲದ ಡೈಆಕ್ಸೈಡ್, ಇಂಗಾಲದ ಮಾನಾಕ್ಸೈಡ್, ಸಾರಜನಕದ ಆಕ್ಸೈಡ್‌ಗಳು ಹಾಗೂ ಸೂಕ್ಷ್ಮ ಕಣಗಳು ಹೊರಬರುತ್ತವೆ. ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಸಿರಾಟದ ಮತ್ತು ಹೃದಯದ ಕಾಯಿಲೆಗಳಿಗೆ ಕಾರಣವಾಗುತ್ತವೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್-6 ಮಾನದಂಡ ಕಡ್ಡಾಯವಾಗಿದೆ. ಇದರಿಂದ ಪ್ರತಿ ವಾಹನದ ಹೊಗೆ ಕಡಿಮೆಯಾದರೂ, ವಾಹನಗಳ ಸಂಖ್ಯೆ ಮತ್ತು ದಟ್ಟಣೆ ಹೆಚ್ಚಿದಂತೆ ಆ ಲಾಭ ಕುಗ್ಗುತ್ತದೆ.

ತಲಾ ಲೆಕ್ಕ

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ, ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಉದಾಹರಣೆಗೆ, ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋದರೆ ಪ್ರತಿ ಕಿಲೋಮೀಟರಿಗೆ ಸುಮಾರು 150 ಗ್ರಾಂ ಆಗುತ್ತದೆ. ಲೀಟರಿಗೆ 4.5 ಕಿಲೋಮೀಟರ್ ಓಡುವ ಡೀಸೆಲ್ ಬಸ್ಸು 600 ಗ್ರಾಂ ಹೊರಬಿಟ್ಟರೂ, ಅದರಲ್ಲಿ 40 ಜನರಿದ್ದರೆ ತಲಾ ಪಾಲು 15 ಗ್ರಾಂ ಮಾತ್ರ. ಅದೇ ಬಸ್ಸಿನಲ್ಲಿ ನಾಲ್ವರೇ ಇದ್ದರೆ ತಲಾ ಪಾಲು ಕಾರಿನಷ್ಟೇ ಆಗುತ್ತದೆ. ಆದರೆ ಹೇಗಿದ್ದರೂ ಓಡುವ ಬಸ್ಸಿಗೆ ಇನ್ನೊಬ್ಬರು ಹತ್ತಿದರೆ ಹೆಚ್ಚುವ ಹೊಗೆ ಅತ್ಯಲ್ಪ.

ಕರ್ನಾಟಕದ ಪ್ರಯತ್ನಗಳು

ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಸ್ವಂತ ವಾಹನ ಬಳಸುವವರನ್ನು ಬಸ್ಸಿನತ್ತ ಸೆಳೆಯಲು 2010ರ ಫೆಬ್ರವರಿ 4ರಂದು 'ಬಸ್ ದಿನ'ವನ್ನು ಆರಂಭಿಸಿ, ಪ್ರತಿ ತಿಂಗಳ 4ರಂದು ಅದನ್ನು ಆಚರಿಸತೊಡಗಿತು. ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಸಂಚಾರ ಆರಂಭಿಸಿತು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್‌ಗಳಿಗೆ ಆದ್ಯತಾ ಪಥ ಗುರುತಿಸಲಾಯಿತು. ರಾಜ್ಯದಾದ್ಯಂತ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಉಚಿತ ಪ್ರಯಾಣ ಒದಗಿಸುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದಿತು. ಇದರ ಮುಖ್ಯ ಉದ್ದೇಶ ಮಾಲಿನ್ಯ ನಿಯಂತ್ರಣವಲ್ಲದಿದ್ದರೂ, ಬಸ್ ಪ್ರಯಾಣಿಕರ ಸಂಖ್ಯೆಯನ್ನು ಅದು ಹೆಚ್ಚಿಸಿದೆ.

ಗ್ರಾಮೀಣ ಪ್ರದೇಶ

ನಗರಗಳಲ್ಲಿ ಬಸ್ಸಿಗೆ ಪರ್ಯಾಯ ಹಲವು. ಹಳ್ಳಿಗಳಲ್ಲಿ ಅದು ಹೆಚ್ಚಾಗಿ ದ್ವಿಚಕ್ರ ವಾಹನವೇ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾಡದಕೆರೆಯಂತಹ ಊರುಗಳಿಂದ ಕಾಲೇಜು, ಆಸ್ಪತ್ರೆ, ಕಚೇರಿ ಕೆಲಸಗಳಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಲೀಟರಿಗೆ 50 ಕಿಲೋಮೀಟರ್ ಓಡುವ ಬೈಕ್ ಪ್ರತಿ ಕಿಲೋಮೀಟರಿಗೆ ಸುಮಾರು 46 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಮೇಲಿನ ಲೆಕ್ಕದಂತೆ, ಒಬ್ಬರೇ ಹೋಗುವ ಬೈಕಿಗಿಂತ ಬಸ್ಸಿನ ತಲಾ ಪಾಲು ಕಡಿಮೆಯಾಗಲು ಅದರಲ್ಲಿ ಕನಿಷ್ಠ 14 ಜನರಿರಬೇಕು.

ಪ್ರಯಾಣಿಕರು ಬೈಕಿಗೆ ಬದಲಾದಂತೆ ಬಸ್ಸಿನ ಆದಾಯ ಇಳಿಯುತ್ತದೆ. ಆದಾಯ ಇಳಿದ ಮಾರ್ಗದಲ್ಲಿ ಬಸ್‌ಗಳು ಕಡಿಮೆಯಾದರೆ ಉಳಿದವರೂ ಸ್ವಂತ ವಾಹನ ಕೊಳ್ಳಬೇಕಾಗುತ್ತದೆ. ವಾಹನವಿಲ್ಲದ ವಿದ್ಯಾರ್ಥಿಗಳು, ವೃದ್ಧರು ಮತ್ತು ಕೂಲಿಕಾರರು ಇದರಿಂದ ಹೆಚ್ಚು ತೊಂದರೆಗೊಳಗಾಗುತ್ತಾರೆ. ಆದ್ದರಿಂದ ಶಾಲೆ, ಕಚೇರಿ ಮತ್ತು ಸಂತೆಯ ವೇಳೆಗೆ ಹೊಂದುವ ನಿಯಮಿತ ಬಸ್ ಸೇವೆಯು ಜನರ ಆಯ್ಕೆಯಷ್ಟೇ ಮುಖ್ಯವಾಗಿದೆ. ದೂರದ ಪ್ರಯಾಣಕ್ಕೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿರುವ ಹೊಸದುರ್ಗ ರೋಡ್ ನಿಲ್ದಾಣವು ಈ ತಾಲ್ಲೂಕಿನವರಿಗೆ ಇನ್ನೊಂದು ಸಾರ್ವಜನಿಕ ಸಾರಿಗೆಯ ಅವಕಾಶವಾಗಿದೆ.