ಬೆರಳಗಲದ ಫಿಲ್ಮು, ಕೂದಲೆಳೆಯ ಲೆಕ್ಕ

ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಲ್ಲಿ ಮಳೆ ಹಿಡಿದರೆ ಪುಸ್ತಕದ ರಟ್ಟಿಗೂ ಬೂಷ್ಟು ಬರುತ್ತದೆ. ಇಂಥ ಘಟ್ಟದೂರಿನ ಅಟ್ಟದಲ್ಲಿ ಹಳೆಯ 8 ಅಥವಾ 16 ಎಂ.ಎಂ. ರೀಲಿನ ಡಬ್ಬಿ ಇದ್ದರೆ ಮುಚ್ಚಳ ತೆಗೆದು ಮೂಸಿ ನೋಡಬೇಕು. ವಿನಿಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪಟ್ಟಿ ಕೆಡತೊಡಗಿದೆ ಎಂದೇ ಅರ್ಥ. ತೇವ ಮತ್ತು ಸೆಕೆ ಅದನ್ನು ಇನ್ನಷ್ಟು ಬೇಗ ಕೆಡಿಸುತ್ತವೆ. ಪಟ್ಟಿ ಕುಗ್ಗುತ್ತದೆ, ಸುರುಟುತ್ತದೆ.

ಕೊಡಾಕ್ ಕಂಪನಿ 16 ಎಂ.ಎಂ. ಫಿಲ್ಮನ್ನು 1923ರಲ್ಲಿ, 8 ಎಂ.ಎಂ. ಅನ್ನು 1932ರಲ್ಲಿ, ಸೂಪರ್ 8 ಅನ್ನು 1965ರಲ್ಲಿ ಹೊರತಂದಿತು. ಇವು ಚಿತ್ರಮಂದಿರಗಳಾಚೆಗೆ ಸಿನಿಮಾವನ್ನು ಒಯ್ದವು. ನೂರು ನಿಮಿಷದ ಚಿತ್ರಕ್ಕೆ ಚಿತ್ರಮಂದಿರದ 35 ಎಂ.ಎಂ.ನಲ್ಲಿ 9,000 ಅಡಿ ಫಿಲ್ಮು ಬೇಕಾದರೆ 16 ಎಂ.ಎಂ.ನಲ್ಲಿ 3,600 ಅಡಿ ಸಾಕು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರ ರಂಗಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿದ ಮೇಲೆ, ಹಳ್ಳಿಯ ಜನ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಬರುತ್ತಿದ್ದ 16 ಎಂ.ಎಂ. ಪ್ರಿಂಟುಗಳಿಂದ.

ಫಿಲ್ಮು ಹಗುರವಾದಷ್ಟೂ ಅದನ್ನು ತೊಳೆಯುವ ಕೆಲಸ ನಾಜೂಕು. ಮನೆಮಂದಿಯ ಚಿತ್ರ ತೆಗೆಯುವವರು ಬಳಸುತ್ತಿದ್ದುದು ಹೆಚ್ಚಾಗಿ ರಿವರ್ಸಲ್ ಫಿಲ್ಮು. ಮೊದಲ ಡೆವಲಪರ್‌ನಲ್ಲಿ ನೆಗೆಟಿವ್ ಬಿಂಬ ಮೂಡುತ್ತದೆ. ಕಪ್ಪು–ಬಿಳುಪಿನಲ್ಲಾದರೆ ಅದರ ಬೆಳ್ಳಿಯನ್ನು ಬ್ಲೀಚ್ ಕರಗಿಸುತ್ತದೆ. ಉಳಿದ ಬೆಳ್ಳಿಲವಣಕ್ಕೆ ಬೆಳಕು ತಾಗಿಸಿ ಮತ್ತೊಮ್ಮೆ ತೊಳೆದಾಗ ನಿಜವಾದ ಚಿತ್ರ ಬರುತ್ತದೆ. ನೆಗೆಟಿವ್ ಫಿಲ್ಮಿನಲ್ಲಿ ತುಸು ಹೆಚ್ಚುಕಡಿಮೆಯಾದರೂ ಪ್ರಿಂಟ್ ಹಾಕುವಾಗ ಬೆಳಕು ಹೊಂದಿಸಿ ಸರಿಪಡಿಸಬಹುದು. ರಿವರ್ಸಲ್‌ನಲ್ಲಿ ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ಪರದೆಗೂ ಹೋಗುತ್ತದೆ. ದ್ರಾವಣದ ಬಿಸಿ ಏರಿದರೆ, ಹೊತ್ತು ತಪ್ಪಿದರೆ ಆ ಕುಂದು ಅದರಲ್ಲೇ ಉಳಿಯುತ್ತದೆ. ಕೊಡಾಕ್‌ನ ಬಣ್ಣದ ರಿವರ್ಸಲ್ ಫಿಲ್ಮಾದ ಕೊಡಾಕ್ರೋಮ್‌ಗಂತೂ ಬಣ್ಣ ಸೇರುತ್ತಿದ್ದುದೇ ತೊಳೆಯುವಾಗ. ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕಾನ್ಸಾಸ್‌ನದು, 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು.

ಇನ್ನು ಪ್ರತಿ ತೆಗೆಯುವುದು. ಕಾಂಟ್ಯಾಕ್ಟ್ ಪ್ರಿಂಟರ್‌ನಲ್ಲಿ ಮೂಲ ಫಿಲ್ಮು, ಖಾಲಿ ಫಿಲ್ಮು ಎರಡೂ ಒಂದಕ್ಕೊಂದು ಅಂಟಿಕೊಂಡು ಹಲ್ಲುಚಕ್ರದ ಮೇಲೆ ಸಾಗುತ್ತವೆ. ಹೊರಗಿರುವ ಖಾಲಿ ಪಟ್ಟಿ ಸಾಗುವ ದಾರಿ ಒಳಗಿನ ಮೂಲದ್ದಕ್ಕಿಂತ ಕೊಂಚ ಉದ್ದ. ಅದಕ್ಕೇ 16 ಎಂ.ಎಂ. ನೆಗೆಟಿವ್‌ನಲ್ಲಿ ತೂತಿನಿಂದ ತೂತಿಗೆ 7.605 ಮಿ.ಮೀ., ಪ್ರಿಂಟ್ ಫಿಲ್ಮಿನಲ್ಲಿ 7.620 ಮಿ.ಮೀ. ಅಂತರ ಇಟ್ಟಿರುತ್ತಾರೆ. ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲು. ಮಳೆಗಾಲಗಳನ್ನು ಕಂಡು ಕುಗ್ಗಿದ ಪಟ್ಟಿಗೆ ಈ ಲೆಕ್ಕ ಹೊಂದುವುದಿಲ್ಲ. ಫಿಲ್ಮು ಜಾರಿ ಚಿತ್ರ ನಡುಗುತ್ತದೆ, ಇಲ್ಲವೇ ತೂತುಗಳು ಹರಿಯುತ್ತವೆ.

ಚೌಕಟ್ಟಿನ ಗಾತ್ರವೂ ತೊಡಕೇ. ಸೂಪರ್ 8ರ ಚೌಕಟ್ಟು ಸುಮಾರು 5.8ಕ್ಕೆ 4 ಮಿ.ಮೀ. ಮಾತ್ರ. ಅಷ್ಟರಲ್ಲಿ ಕೂತ ಒಂದು ಧೂಳಿನ ಕಣವೂ ಪರದೆಯ ಮೇಲೆ ಕಲ್ಲಿನಷ್ಟಾಗುತ್ತದೆ. ಗೀರು ಬಿದ್ದಿದ್ದರೆ ನುರಿತ ಲ್ಯಾಬಿನವರು ಫಿಲ್ಮಿನಷ್ಟೇ ಬೆಳಕು ಬಾಗಿಸುವ ದ್ರವದಲ್ಲಿ ಅದನ್ನು ಅದ್ದಿ ಪ್ರಿಂಟ್ ಹಾಕುತ್ತಾರೆ. ಗೀರು ತುಂಬಿಕೊಂಡು ಮರೆಯಾಗುತ್ತದೆ. ಆದರೂ ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ಚಿತ್ರದ ಕಣಗಳು ದಪ್ಪಗಾಗಿ ನೆರಳಿನ ವಿವರ ಕಳೆಯುತ್ತದೆ.

ಹಾಗಾಗಿ ಅಟ್ಟದ ರೀಲನ್ನು ಹಳೆಯ ಪ್ರೊಜೆಕ್ಟರ್‌ಗೆ ಏರಿಸುವ ಆಸೆ ಬೇಡ. ಒಂದೇ ಓಟಕ್ಕೆ ಹರಿದೀತು. ತಂಪಾದ, ಒಣ ಜಾಗದಲ್ಲಿಡಿ. ವಾಸನೆ ಹಿಡಿದದ್ದನ್ನು ಉಳಿದವುಗಳಿಂದ ಬೇರೆ ಮಾಡಿ. ಹಲ್ಲುಚಕ್ರವಿಲ್ಲದ ಸ್ಕ್ಯಾನರ್ ಇರುವವರಿಗೇ ಕೊಡಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿ: ಇಂದಿನ ಯಂತ್ರ ಓದಲಾಗದ ವಿವರವನ್ನು ನಾಳಿನದು ಓದಬಲ್ಲದು, ಆದರೆ ಓದಲು ಆ ರೀಲೇ ಬೇಕು.